ಒದ್ದೆ ಮೆಟ್ಟಿಲು

ಕಾಲೇಜಿನ ಹಿಂದಿನ ಮೆಟ್ಟಿಲು ಒಟ್ಟು ಅರವತ್ತಾರು. ಮೂರು ಮಹಡಿ, ಮಹಡಿಗೆ ಇಪ್ಪತ್ತೆರಡು. ಮೇಲೆ ನಲ್ಲಿಗಳಿವೆ, ನೀರು ಬರುವುದಿಲ್ಲ. ಹಾಗಾಗಿ ಕೆಳಗೆ ಬಕೆಟ್ ತುಂಬಿಸಿಕೊಂಡು ಮೂರನೇ ಮಹಡಿಗೆ ಹತ್ತಬೇಕು, ಅಲ್ಲಿಂದ ಒರೆಸುತ್ತ ಇಳಿಯಬೇಕು. ಅರ್ಧ ದಾರಿಗೆ ನೀರು ಕಪ್ಪಾಗುತ್ತದೆ. ಮತ್ತೆ ಇಳಿ, ಮತ್ತೆ ತುಂಬು, ಮತ್ತೆ ಹತ್ತು. ಉದ್ದ ಹಿಡಿಯ ಮಾಪು ಕೊಟ್ಟಿದ್ದಾರೆ, ಆದರೆ ಅದು ಮೆಟ್ಟಿಲ ಮೂಲೆಗೆ ಹೋಗುವುದಿಲ್ಲ. ಮೂಲೆಗೆ ಬಟ್ಟೆ ಹಿಡಿದು ಮಂಡಿಯೂರಲೇಬೇಕು. ಹನ್ನೆರಡು ವರ್ಷ ಮಂಡಿಯೂರಿ ಅದನ್ನು ಒರೆಸುವವಳ ಮಂಡಿಯ ಚರ್ಮ ಹಳೆಯ ಚಪ್ಪಲಿಯ ಹಾಗೆ ದಡ್ಡುಗಟ್ಟಿತ್ತು. ಫಿನಾಯಿಲಿಗೆ ಬೆರಳ ತುದಿಗಳು ಬಿಳಿಚಿಕೊಂಡು ಸುಲಿದಿದ್ದವು.

ನಮ್ಮ ಕಾಲೇಜಿನಲ್ಲಿ ಗುಡಿಸಿ ಒರೆಸುವವರನ್ನು ಅವರು ಒರೆಸುವ ಜಾಗದಿಂದಲೇ ಕರೆಯುವುದು ರೂಢಿ. ಅವಳು ಮೆಟ್ಟಿಲಮ್ಮ. ಪ್ರಯೋಗಾಲಯದ ಗಾಜು ತೊಳೆಯುವವಳು ಲ್ಯಾಬಮ್ಮ. ನಾನು ಗಂಟೆ ಹೊಡೆಯುವವನು, ಅದಕ್ಕೆ ಗಂಟೆಯಣ್ಣ. ಗಂಟೆ ಹೊಡೆಯುವುದರ ನಡುವೆ ಫೈಲು ಹೊರುವುದು, ಟೀ ತರುವುದು, ದೊಡ್ಡವರ ಕೋಣೆಯ ಬಾಗಿಲಲ್ಲಿ ನಿಲ್ಲುವುದು. ಮೂವತ್ತೊಂದು ವರ್ಷ ಇದನ್ನೇ ಮಾಡಿದ್ದೇನೆ.

ಇನ್ನೊಂದು ಕೆಲಸವೂ ನನ್ನದೇ. ನಮ್ಮಂಥವರಿಗೆ ಯಾರೂ ಬರೆದು ಹೇಳುವುದಿಲ್ಲ. ಅಧ್ಯಾಪಕರಿಗೆ ಸುತ್ತೋಲೆ, ವಿದ್ಯಾರ್ಥಿಗಳಿಗೆ ನೋಟಿಸು, ನಮಗೆ ಬಾಯಿಮಾತು. ಮೇಲಿನವರು ನನಗೆ ಹೇಳುತ್ತಾರೆ, ನಾನು ಉಳಿದವರಿಗೆ ಹೇಳುತ್ತೇನೆ. ಯಾಕೆ ಎಂದು ಉಳಿದವರು ನನ್ನನ್ನು ಕೇಳುವುದಿಲ್ಲ, ನಾನು ಮೇಲಿನವರನ್ನು ಕೇಳುವುದಿಲ್ಲ. ಹೇಳಿದ್ದು ಮಾಡು, ಮಾಡಿ ಮರೆತುಬಿಡು. ಈ ವಿದ್ಯೆಯಲ್ಲಿ ನಾನು ಪಾಸಾದಷ್ಟು ಚೆನ್ನಾಗಿ ಆ ಕಾಲೇಜಿನಲ್ಲಿ ಯಾವ ಹುಡುಗನೂ ಪಾಸಾಗಿಲ್ಲ.

ಮೆಟ್ಟಿಲಮ್ಮನ ಗಂಡ ಬಹಳ ಹಿಂದೆಯೇ ಬೇರೆ ಊರು, ಬೇರೆ ಮನೆ ನೋಡಿಕೊಂಡಿದ್ದ. ಇದ್ದವನು ಒಬ್ಬ ಮಗ. ಕೆಲಸಗಾರರ ಮಕ್ಕಳಿಗೆಂದು ವರ್ಷಕ್ಕೊಂದು ಸೀಟು ಇಡುತ್ತಾರೆ, ಅದರಲ್ಲಿ ಸೇರಿ ಎರಡನೇ ವರ್ಷ ಓದುತ್ತಿದ್ದ. ನಾವೆಲ್ಲ ಅವನನ್ನು ‘ಮೇಷ್ಟ್ರು’ ಎಂದು ರೇಗಿಸುತ್ತಿದ್ದೆವು. ನಮ್ಮ ರಜೆ ಚೀಟಿ, ಬ್ಯಾಂಕಿನ ಅರ್ಜಿ, ನೀರಿನ ಬಿಲ್ಲಿನ ತಕರಾರು ಎಲ್ಲವನ್ನೂ ಬರೆದುಕೊಡುತ್ತಿದ್ದವನು ಅವನೇ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆ ಅಕ್ಷರವೇ ಅವನಿಗೆ ಮುಳುವಾಯಿತು.

ಅವನ ತರಗತಿಯಲ್ಲಿ ಒಬ್ಬನಿದ್ದ, ನಾವು ‘ಲೈಬ್ರರಿ ಹುಡುಗ’ ಅನ್ನುತ್ತಿದ್ದೆವು. ಲೈಬ್ರರಿಯೊಳಗೆ ಕಾಲಿಟ್ಟವನಲ್ಲ. ಅದನ್ನು ಕಟ್ಟಿಸಿಕೊಟ್ಟವರು ಅವನ ಅಪ್ಪ, ಬಾಗಿಲಲ್ಲೇ ಅವರ ಹೆಸರಿನ ಕಲ್ಲಿದೆ. ಅವನ ಹಿಂದೆ ಬಾಲದಂತೆ ಇಬ್ಬರು ಗೆಳೆಯರು. ಪ್ರಯೋಗ ಮಾಡಿದ್ದನ್ನೆಲ್ಲ ರೆಕಾರ್ಡು ಪುಸ್ತಕದಲ್ಲಿ ಬರೆದು, ಚಿತ್ರ ಬಿಡಿಸಿ, ಸಹಿ ಹಾಕಿಸಿಕೊಳ್ಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಈ ಮೂವರ ರೆಕಾರ್ಡನ್ನು ಒಂದೂವರೆ ವರ್ಷದಿಂದ ನಮ್ಮ ಮೇಷ್ಟ್ರೇ ಬರೆಯುತ್ತಿದ್ದ. ಮೊದಮೊದಲು ಸ್ನೇಹಕ್ಕೆ, ಆಮೇಲೆ ಹೆದರಿಕೆಗೆ.

ಅದೆಲ್ಲ ನಡೆದ ವಾರ ಮೇಷ್ಟ್ರು ನನ್ನ ಗಂಟೆಯ ಕಟ್ಟೆಯ ಹತ್ತಿರ ಬಂದು ಕೂತಿದ್ದ.

"ಮಾಮ, ಈ ಸಲ ಬರೆಯಲ್ಲ ಅಂತ ಹೇಳ್ಬಿಟ್ಟೆ. ನಂದೇ ಇನ್ನೂ ಮುಗಿದಿಲ್ಲ."

"ಬರ್ದು ಬಿಸಾಕೋ ಅತ್ಲಾಗಿ. ದೊಡ್ಡವರ ಮಕ್ಕಳ ಸಹವಾಸ ನಮಗ್ಯಾಕೆ?"

"ನೀವು ಯಾವತ್ತಾದ್ರೂ ಯಾರಿಗಾದ್ರೂ ಆಗಲ್ಲ ಅಂದಿದೀರಾ ಮಾಮ?"

"ಅಂದಿದ್ರೆ ಇಷ್ಟೊತ್ತಿಗೆ ಈ ಕಟ್ಟೆ ಮೇಲೆ ಇನ್ಯಾರೋ ಕೂತಿರ್ತಿದ್ದ."

ಅವನು ನಕ್ಕ. ನಾನೂ ನಕ್ಕೆ.

ಶನಿವಾರ ತರಗತಿ ಒಂದೂವರೆಗೆ ಮುಗಿಯುತ್ತದೆ. ನಾನು ಉದ್ದ ಗಂಟೆ ಹೊಡೆದೆ. ಐದು ನಿಮಿಷದಲ್ಲಿ ಕಾಲೇಜು ಖಾಲಿಯಾಯಿತು. ಆದರೆ ಅಂದು ಮೂರು ಗಂಟೆಗೆ ಕಾಲೇಜಿಗೆ ದರ್ಜೆ ಕೊಡುವ ತಪಾಸಣೆ ತಂಡ ಬರುವುದಿತ್ತು, ಹಾಗಾಗಿ ಕೆಲಸಗಾರರು ಯಾರೂ ಮನೆಗೆ ಹೋಗಿರಲಿಲ್ಲ. ಎರಡಾಗಿ ಐದು ನಿಮಿಷಕ್ಕೆ ಉಪಪ್ರಾಂಶುಪಾಲರು ನನ್ನನ್ನು ಕರೆದರು. ನಾವು ಅವರನ್ನು ವೈಸ್ ಸಾಹೇಬರು ಅನ್ನುತ್ತೇವೆ. ಅವರ ನೆತ್ತಿಯ ಮೇಲೆಯೇ ಗೋಡೆ ಗಡಿಯಾರ. ಗಡಿಯಾರ ಕಂಡರೆ ಹೊತ್ತು ನೋಡುವುದು ನನ್ನ ಚಾಳಿ, ನೋಡಿದೆ.

"ಹಿಂದಿನ ಮೆಟ್ಟಿಲ ಮೇಲೆ ಯಾವನೋ ಹುಡುಗ ಮೂಗು ಒಡ್ಕೊಂಡಿದ್ದಾನಂತೆ. ಮೂರು ಗಂಟೆಗೆ ತಂಡ ಬರುತ್ತೆ. ತೊಳೆಸು, ಒಂದು ಕಲೆ ಇರಬಾರದು."

"ಆಯ್ತು ಸಾರ್."

ಇಷ್ಟೇ ನಡೆದದ್ದು. ಮೂವತ್ತೊಂದು ವರ್ಷದಲ್ಲಿ ನಾನು ಹೇಳಿದ ಎಷ್ಟನೆಯ ‘ಆಯ್ತು ಸಾರ್’ ಅದು ಎಂದು ನನಗೆ ಗೊತ್ತಿಲ್ಲ.

ಮೆಟ್ಟಿಲಮ್ಮ ಸೈಕಲ್ ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಲ್ಯಾಬಮ್ಮನ ಜೊತೆ ಕೂತಿದ್ದಳು. ನಾವೆಲ್ಲ ಊಟ ಮಾಡುವುದು ಅಲ್ಲೇ. ಶನಿವಾರ ತಾಯಿ ಮಗ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಒಂದೂಕಾಲಿನಿಂದ ಅವಳು ಡಬ್ಬಿಯ ಮುಚ್ಚಳ ತೆಗೆಯದೆ ಅವನಿಗಾಗಿ ಕಾಯುತ್ತಿದ್ದಳು.

"ಏಳಮ್ಮ, ಹಿಂದಿನ ಮೆಟ್ಟಿಲು ತೊಳೀಬೇಕಂತೆ. ರಕ್ತ ಆಗಿದೆಯಂತೆ."

"ಬೆಳಿಗ್ಗೆ ಏಳಕ್ಕೆ ತೊಳ್ದಿದೀನಲ್ಲಣ್ಣ. ಯಾರ ಮನೆ ಮಗನೋ, ಕಣ್ಣು ಎಲ್ಲಿಟ್ಕೊಂಡು ಇಳೀತಾರೋ ಈ ಹುಡುಗ್ರು." ಅವಳು ಮಂಡಿ ಹಿಡಿದುಕೊಂಡು ಎದ್ದಳು. "ಮೇಷ್ಟ್ರು ಬಂದ್ರೆ ಊಟ ಮಾಡೋಕೆ ಹೇಳು. ನನಗೆ ಕಾಯೋದು ಬೇಡ ಅನ್ನು."

ಮೊದಲ ಮಹಡಿಯ ತಿರುವಿನಲ್ಲಿ ರಕ್ತ ಬಿದ್ದಿತ್ತು. ಮೂಗು ಒಡೆದು ಬರುವಷ್ಟಲ್ಲ, ಬಹಳ ಇತ್ತು. ನಾನು ಕೆಳಗೆ ನಿಂತು ನೋಡಿದೆ. ನೋಡಿಯೂ ಏನೂ ಅನ್ನಲಿಲ್ಲ. ಅವಳು ಮಂಡಿಯೂರಿ, ಮೂಲೆಗೆ ಬಟ್ಟೆ ಹಾಕಿ, ಹಿಂಡಿ ಹಿಂಡಿ ತೆಗೆದಳು. ಮೂರು ಬಕೆಟ್ ನೀರು. ಒಂದು ಅಂಗಿಯ ಗುಂಡಿ ಸಿಕ್ಕಿತು, ಅದನ್ನು ಕಸದ ಬುಟ್ಟಿಗೆ ಹಾಕಿದಳು. "ಪಾಪ, ಇದರ ತಾಯಿ ನೋಡಿದ್ರೆ ಎದೆ ಒಡ್ಕೊಳ್ತಾಳೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಕೇಳಬಾರದಿತ್ತು.

ಎರಡೂಮುಕ್ಕಾಲಿಗೆ ಬಕೆಟ್ ಕವುಚಿ ಹಾಕಿ ಅವಳು ಶೆಡ್ಡಿಗೆ ಬಂದಳು. ಡಬ್ಬಿ ಹಾಗೇ ಇತ್ತು. ತಂಡದ ಕಾರುಗಳು ಬರುವ ಹೊತ್ತಿಗೆ ಆಸ್ಪತ್ರೆಯಿಂದ ಫೋನು ಬಂತು.

ನಾವು ಮುಟ್ಟುವಷ್ಟರಲ್ಲಿ ಹುಡುಗನ ಜೀವ ಹೋಗಿತ್ತು. ಮಗನ ಕೈಯನ್ನು ಅವಳು ಆಸ್ಪತ್ರೆಯಲ್ಲಿ ಹಿಡಿದುಕೊಂಡಾಗ ನಾನು ಪಕ್ಕದಲ್ಲೇ ಇದ್ದೆ. ಮಣಿಕಟ್ಟಿನ ಮೇಲೆ ಐದು ಬೆರಳ ಗುರುತು ಕಪ್ಪಾಗಿ ಮೂಡಿತ್ತು. ಅಂಗಿಯಲ್ಲಿ ಮೇಲಿನಿಂದ ಎರಡನೇ ಗುಂಡಿ ಇರಲಿಲ್ಲ. ಅವಳು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಆಗ ಅವಳಿಗೆ ಎಲ್ಲ ತಿಳಿಯಿತು. ಗೋಡೆಗೆ ಒರಗಿ ನಿಧಾನವಾಗಿ ಕುಸಿದು ಕೂತು, ಎರಡೂ ಅಂಗೈಗಳನ್ನು ಮೂಗಿನ ಹತ್ತಿರ ತಂದುಕೊಂಡು ಮೂಸಿ ನೋಡಿದಳು. ಫಿನಾಯಿಲಿನ ವಾಸನೆ ನನ್ನವರೆಗೂ ಬರುತ್ತಿತ್ತು.

ಅವನನ್ನು ಆಸ್ಪತ್ರೆಗೆ ತಂದವರು ಆ ಮೂವರೇ, ಲೈಬ್ರರಿ ಹುಡುಗನ ಕಾರಿನಲ್ಲಿ. ಜಾರಿ ಬಿದ್ದ, ನಾವು ಎತ್ತಿಕೊಂಡು ಬಂದೆವು ಅಂದರು. ವೈದ್ಯರು ತಲೆಯಲ್ಲಿ, ಪಕ್ಕೆಲುಬಿನಲ್ಲಿ, ಕೈಯಲ್ಲಿ ಗಾಯ ಎಂದು ಬರೆದು, ಬಿದ್ದರೂ ಆಗಬಹುದು, ಹೊಡೆದರೂ ಆಗಬಹುದು ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪೊಲೀಸರು ಬಂದು ಜಾಗ ನೋಡಿದರು. ಮೆಟ್ಟಿಲು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಾಲೇಜು ತಾನೇ ವಿಚಾರಣೆ ಮಾಡಿ ವರದಿ ಕೊಡುತ್ತದೆ ಎಂದರು ವೈಸ್ ಸಾಹೇಬರು. ಕೊಡಿ ಎಂದು ಇನ್ಸ್‌ಪೆಕ್ಟರು ಟೋಪಿ ಹಾಕಿಕೊಂಡು ಹೊರಟರು.

ಸೋಮವಾರ ಕಾಲೇಜಿನಲ್ಲಿ ಅವನಿಗಾಗಿ ಇಟ್ಟ ಎರಡು ನಿಮಿಷದ ಮೌನಕ್ಕೆ ಶುರುವಿಗೊಂದು, ಮುಗಿಯಲೊಂದು ಗಂಟೆ ಹೊಡೆಯಬೇಕಾಗಿತ್ತು. ಒಂದೂಕಾಲು ನಿಮಿಷಕ್ಕೇ ಸಾಹೇಬರು ನನಗೆ ಸನ್ನೆ ಮಾಡಿದರು. ಅದಕ್ಕೂ ನಾನು ಗಂಟೆ ಹೊಡೆದೆ.

ವಿಚಾರಣಾ ಸಮಿತಿಯಲ್ಲಿ ಮೂರು ಜನ. ಆಡಳಿತ ಮಂಡಳಿಯ ಕಾರ್ಯದರ್ಶಿ, ಕಾಲೇಜಿನ ವಕೀಲರು, ಮತ್ತೆ ವೈಸ್ ಸಾಹೇಬರು. ತೊಳೆಸು ಎಂದವರೇ ಯಾಕೆ ತೊಳೆದೆ ಎಂದು ಕೇಳುವವರು. ವಿಚಾರಣೆಯ ಹಿಂದಿನ ದಿನ ಸಾಹೇಬರು ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಆ ಕೋಣೆಯಲ್ಲಿ ನಾನು ಕೂತದ್ದು ಅದೇ ಮೊದಲು.

"ನಿನ್ನ ನಿವೃತ್ತಿಗೆ ಇನ್ನೆಷ್ಟು ತಿಂಗಳು?"

"ಏಳು ಸಾರ್."

"ನಿವೃತ್ತಿ ಕಾಗದಕ್ಕೆಲ್ಲ ನಂದೇ ಸಹಿ ಬೇಕು, ಗೊತ್ತಲ್ಲ. ವಯಸ್ಸಾಯ್ತು ನಿನಗೆ. ಈ ವಯಸ್ಸಲ್ಲಿ ಎಲ್ಲ ನೆನಪಿರಲ್ಲ. ಇರಬೇಕು ಅಂತಾನೂ ಇಲ್ಲ."

ಬಟ್ಟೆಯಲ್ಲಿ ಸುತ್ತಿ ಹೊಡೆಯುವುದು ಅಂದರೆ ಇದು. ನಾನು ಎದ್ದು ಬಂದೆ.

ವಿಚಾರಣೆಯ ದಿನ ಬಾಗಿಲು ಕಾಯುತ್ತಿದ್ದವನು ನಾನೇ, ಹಾಗಾಗಿ ಎಲ್ಲವನ್ನೂ ಕೇಳಿದೆ. ಮೆಟ್ಟಿಲಮ್ಮನನ್ನು ನಿಲ್ಲಿಸಿಯೇ ಕೇಳಿದರು.

"ಶನಿವಾರ ಮಧ್ಯಾಹ್ನ ಮೆಟ್ಟಿಲು ತೊಳೆದೆಯಾ?" ವಕೀಲರು ಕೇಳಿದರು.

"ತೊಳೆದೆ ಸಾರ್."

"ನೀನೇ?"

"ನಾನೇ ಸಾರ್. ಇನ್ಯಾರು ತೊಳೀತಾರೆ?"

"ತೊಳೆದ ಮೇಲೆ ಮೆಟ್ಟಿಲು ಒದ್ದೆ ಇತ್ತಾ?"

"ತೊಳೆದ ಮೇಲೆ ಒದ್ದೆ ಇರುತ್ತಲ್ಲ ಸಾರ್."

"ನೆಲ ಒದ್ದೆ ಇದೆ ಅಂತ ಬೋರ್ಡ್ ಇಟ್ಟಿದ್ದೆಯಾ?"

"ಆ ಬೋರ್ಡು ನಮಗೆ ಕೊಟ್ಟೇ ಇಲ್ಲ ಸಾರ್."

"ಇಟ್ಟಿದ್ದೆಯಾ, ಇಲ್ಲವಾ?"

"ಇಲ್ಲ."

"ಬರೆದುಕೊಳ್ಳಿ" ಎಂದರು ವಕೀಲರು. ಗುಮಾಸ್ತ ಬರೆದುಕೊಂಡ.

ಅವಳಿಗೆ ಆಗಲೂ ಅರ್ಥವಾಗಿರಲಿಲ್ಲ. ತೊಳೆದೆ ಎಂದು ಒಪ್ಪಿಕೊಳ್ಳುವುದರಲ್ಲಿ ಏನು ತಪ್ಪು? ಅದು ಅವಳ ಕೆಲಸ. ಕೆಲಸ ಮಾಡಿದ್ದೇನೆ ಎಂದು ಹೇಳಿಯೇ ಅವಳಿಗೆ ರೂಢಿ, ಮಾಡಿಲ್ಲ ಎಂದರೆ ಬೈಗುಳ ಬೀಳುತ್ತಿತ್ತು. ಅವಳು ಕೈ ಮುಂದೆ ಮಾಡಿ ಹೇಳಿದಳು, "ಸಾರ್, ಅವನ ಕೈ ಮೇಲೆ ಬೆರಳಿನ ಗುರುತಿತ್ತು, ಇಲ್ಲಿ. ಮೆಟ್ಟಿಲಿಗೆ ಬೆರಳು ಇರ್ತವಾ ಸಾರ್?"

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ. ಎಷ್ಟು ಹೊತ್ತಿಗೆ ತೊಳೆದೆ?"

"ನನ್ನ ಹತ್ರ ಗಡಿಯಾರ ಇಲ್ಲ. ಗಂಟೆಯಣ್ಣ ಬಂದು ಹೇಳಿದ. ರಕ್ತ ಆಗಿದೆ, ತೊಳಿ ಅಂತ. ಹೋಗಿ ತೊಳೆದೆ. ರಕ್ತ ಇತ್ತು ಸಾರ್ ಅಲ್ಲಿ. ನನ್ನ ಮಗನ..." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ಅಣ್ಣನ್ನೇ ಕೇಳಿ. ಅವನಿಗೆ ಹೊತ್ತು ಗೊತ್ತಿರುತ್ತೆ."

ನನ್ನನ್ನು ಬಾಗಿಲಿನಿಂದ ಒಳಗೆ ಕರೆದರು. ನಾಲ್ಕೇ ಹೆಜ್ಜೆ. ಅವಳು ನನ್ನ ಕಡೆ ತಿರುಗಿದಳು, ಮುಖದಲ್ಲಿ ಎಂಥದೋ ಸಮಾಧಾನ. ನಮ್ಮವನು ಬಂದ ಅನ್ನುವ ಸಮಾಧಾನ.

"ಇವಳಿಗೆ ತೊಳೆಯಲು ನೀನು ಹೇಳಿದೆಯಾ?"

ನಾನು ಸಾಹೇಬರ ಕಡೆ ನೋಡಲಿಲ್ಲ. ಅವಳ ಕಡೆಯೂ ನೋಡಲಿಲ್ಲ. ಮೇಜಿನ ಮೇಲೆ ನಾನೇ ತಂದಿಟ್ಟಿದ್ದ ಟೀ ಲೋಟಗಳನ್ನು ನೋಡಿದೆ.

"ನೆನಪಿಲ್ಲ ಸಾರ್."

"ಎಷ್ಟು ಹೊತ್ತಿಗೆ ತೊಳೆದಳು ಗೊತ್ತಾ?"

"ನೆನಪಿಲ್ಲ ಸಾರ್."

ನಾನು ನೀಚ. ಇದನ್ನು ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ. ಆ ಸಂಜೆ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವಳು ತಟ್ಟೆಗೆ ಅನ್ನ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. "ಗಂಟೆ ಹೊಡೆಯೋನಿಗೆ ಹೊತ್ತು ನೆನಪಿಲ್ವಾ?" ಅಂದಳು. ಅಷ್ಟೇ ಅಂದು, ಅನ್ನ ಹಾಕಿ, ಒಳಗೆ ಹೋದಳು.

ಮೂರು ವಾರಕ್ಕೆ ವರದಿ ಬಂತು. ಹನ್ನೊಂದು ಪುಟ, ಚಂದದ ಭಾಷೆ. ಅದರ ಸಾರ ಇಷ್ಟು: ಶನಿವಾರ ಮಧ್ಯಾಹ್ನ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸ್ವಚ್ಛತಾ ಕೆಲಸಗಾರ್ತಿಯು ಯಾರ ಸೂಚನೆಯೂ ಇಲ್ಲದೆ ಹಿಂದಿನ ಮೆಟ್ಟಿಲು ತೊಳೆದು, ಎಚ್ಚರಿಕೆ ಫಲಕ ಇಡದೆ, ಒದ್ದೆಯಾಗಿಯೇ ಬಿಟ್ಟು ಹೋದಳು. ಒಂದೂವರೆಗೆ ತರಗತಿ ಬಿಟ್ಟ ನಂತರ ವಿದ್ಯಾರ್ಥಿಯು ಜಾರಿ ಬಿದ್ದನು. ಮೃತನು ಆಕೆಯ ಮಗನೇ ಆಗಿರುವುದು ವಿಧಿಯ ಕ್ರೂರ ಆಟ. ಗಾಯಾಳುವನ್ನು ಸ್ವಂತ ಕಾರಿನಲ್ಲಿ ಆಸ್ಪತ್ರೆಗೆ ಸೇರಿಸಿದ ಮೂವರು ಸಹಪಾಠಿಗಳ ಮಾನವೀಯತೆ ಶ್ಲಾಘನೀಯ, ಅವರಿಗೆ ಪ್ರಶಂಸಾ ಪತ್ರ ನೀಡಬಹುದು.

ಹೊಡೆದವರಿಗೆ ಪ್ರಶಂಸೆ, ಹೆತ್ತವಳಿಗೆ ಕೊಲೆಯ ಹೊರೆ. ಇದನ್ನು ಬರೆದ ಕೈಗಳಿಗೆ ಊಟ ಹೇಗೆ ರುಚಿಸುತ್ತದೆಯೋ ಗೊತ್ತಿಲ್ಲ.

ಮೆಟ್ಟಿಲಮ್ಮನ ಕೈಗೆ ನೋಟಿಸು ಕೊಟ್ಟು ಬರಲು ನನ್ನನ್ನೇ ಕಳಿಸಿದರು. ನಿರ್ಲಕ್ಷ್ಯಕ್ಕಾಗಿ ಯಾಕೆ ಕೆಲಸದಿಂದ ತೆಗೆಯಬಾರದು, ಹತ್ತು ದಿನದಲ್ಲಿ ಉತ್ತರಿಸಬೇಕು. ಹನ್ನೆರಡು ವರ್ಷದಲ್ಲಿ ಕಾಲೇಜು ಅವಳಿಗೆ ಬರೆದು ಕೊಟ್ಟ ಮೊದಲ ಕಾಗದ. ಅವಳ ಮನೆ ಒಂದೇ ಕೋಣೆ. ಮಗನ ಪುಸ್ತಕಗಳು ಕಿಟಕಿಯಲ್ಲಿ ಸಾಲಾಗಿದ್ದವು, ಅವನ ಅಂಗಿ ಹಗ್ಗದ ಮೇಲಿತ್ತು. ಅವಳು ಓದಲು ಹೇಳಿದಳು. ವರದಿಯ ಮಾತನ್ನೂ ಸೇರಿಸಿ ಓದಿದೆ. ಬೈಯುತ್ತಾಳೆ, ಮುಖಕ್ಕೆ ಉಗುಳುತ್ತಾಳೆ ಎಂದು ಕಾದೆ. ಉಗುಳಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಅವಳು ತಗ್ಗಿದ ದನಿಯಲ್ಲಿ ಕೇಳಿದಳು.

"ಅಣ್ಣ, ಒಂದು ಮಾತು ನಿಜ ಹೇಳು. ನಾನು ಮೊದಲೇ ತೊಳೆದಿದ್ನಾ?"

"ಏನಮ್ಮ?"

"ನೀನು ಬಂದು ಹೇಳಿದ ಹಾಗೆ ನನಗೆ ನೆನಪು. ನಿನಗೆ ನೆನಪಿಲ್ಲ ಅಂದ್ಯಲ್ಲ. ನೀನು ಸುಳ್ಳು ಹೇಳೋನಲ್ಲ. ಮೂರು ವಾರದಿಂದ ಅದನ್ನೇ ಯೋಚನೆ ಮಾಡ್ತಿದೀನಿ. ನನಗೇ ತಲೆ ಕೆಟ್ಟು ಹಿಂದುಮುಂದಾಗಿದೆಯೇನೋ. ನಾನು ಮೊದಲೇ ತೊಳೆದು, ಆಮೇಲೆ ಅವನು ಬಿದ್ನಾ? ನನ್ನ ಮಗು ಜಾರಿದ್ದು ನಾನು ಹಾಕಿದ ನೀರಿಗಾ ಅಣ್ಣ?"

ಅವರು ಅವಳ ಮಗನನ್ನು ಕಿತ್ತುಕೊಂಡಿದ್ದರು, ಅದು ಸಾಲದೆಂದು ಅವಳ ನೆನಪನ್ನೂ ಕಿತ್ತುಕೊಂಡಿದ್ದರು. ಅದಕ್ಕೆ ಹಾರೆ ಹಿಡಿದು ಕೊಟ್ಟವನು ನಾನು.

"ಇಲ್ಲಮ್ಮ" ಅಂದೆ. "ನಾನು ಸುಳ್ಳು ಹೇಳಿದೆ. ಎರಡು ಗಂಟೆ ಐದು ನಿಮಿಷಕ್ಕೆ ವೈಸ್ ಸಾಹೇಬ್ರು ನನಗೆ ಹೇಳಿದ್ರು. ನಾನು ಬಂದು ನಿನಗೆ ಹೇಳ್ದೆ. ಅದಕ್ಕೆ ಮೊದ್ಲು ನೀನು ಬೆಳಿಗ್ಗೆ ಏಳಕ್ಕೆ ತೊಳೆದದ್ದು. ಒಂದೂವರೆಗೆ ಆ ಮೆಟ್ಟಿಲು ಒಣಗಿತ್ತು."

ಅವಳು ನನ್ನ ಕಾಲರ್ ಹಿಡಿದಳು. ಹೊಡೆಯಲಿಲ್ಲ. ಹಿಡಿದುಕೊಂಡೇ ಇದ್ದಳು, ಬಿಟ್ಟರೆ ಬೀಳುವವಳ ಹಾಗೆ. "ಹಾಗಾದ್ರೆ ಅಲ್ಲಿ ಯಾಕೆ ಹೇಳ್ಲಿಲ್ಲ? ಯಾಕೆ ಹೇಳ್ಲಿಲ್ಲ ಅಣ್ಣ?"

ಮರುದಿನ ಊಟದ ಹೊತ್ತಿಗೆ ಶೆಡ್ಡಿನಲ್ಲಿ ಎಲ್ಲರ ಮುಂದೆ ನಿಂತು ಹೇಳಿಬಿಟ್ಟೆ. ಮೊದಲು ಮಾತಾಡಿದವಳು ಲ್ಯಾಬಮ್ಮ.

"ನಾನೂ ಕಳ್ಳಿನೇ ಅಣ್ಣ. ಅವತ್ತು ಒಂದೂಕಾಲಿಂದ ನೀನು ಕರೆಯೋವರೆಗೂ ಅವಳು ನನ್ನ ಪಕ್ಕದಲ್ಲೇ ಕೂತಿದ್ಲು. ಯಾರೂ ಕೇಳ್ಲಿಲ್ಲ ಅಂತ ನಾನೂ ಸುಮ್ನಿದ್ದೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇನ್ನೊಂದಿದೆ. ಎರಡೂವರೆಗೆ ಸಾಹೇಬ್ರು ನನ್ನ ಕರ್ಸಿ, ಆ ಮೂವರ ರೆಕಾರ್ಡು ಪುಸ್ತಕ ಕಪಾಟಿನಿಂದ ತಂದು ಕೊಡು ಅಂದ್ರು. ತಂಡದವರು ನೋಡ್ತಾರಂತೆ. ಕೊಟ್ಟೆ. ವಾಪಸ್ ಬರ್ಲಿಲ್ಲ. ಮೂರರಲ್ಲೂ ಇದ್ದದ್ದು ನಮ್ಮ ಮೇಷ್ಟ್ರ ಅಕ್ಷರ."

"ಎರಡೂವರೆಗಾ?" ಎಂದ ಗೇಟಿನ ಕಾವಲುಗಾರ. ಅವನು ತನ್ನ ತುತ್ತನ್ನು ಡಬ್ಬಿಗೇ ಹಾಕಿದ. "ನನಗೆ ಎರಡಕ್ಕೆ ಐದು ನಿಮಿಷ ಇದ್ದಾಗ ಸಾಹೇಬ್ರ ಫೋನು ಬಂತು. ಹಿಂದಿನ ಗೇಟು ತೆಗಿ, ಒಂದು ಕಾರು ಹೋಗುತ್ತೆ, ತಂಡ ಬರುತ್ತೆ, ಗೇಟಿನ ಪುಸ್ತಕದಲ್ಲಿ ಬರೀಬೇಡ ಅಂತ. ಹಿಂದಿನ ಸೀಟಲ್ಲಿ ಒಬ್ಬ ಮಲಗಿದ್ದ. ಮುಖದ ಮೇಲೆ ಬಟ್ಟೆ ಇತ್ತು. ಕುಡಿದಿದ್ದಾನೇನೋ ಅಂದ್ಕೊಂಡೆ. ನಮ್ಮ ಮೇಷ್ಟ್ರು ಅಂತ... ನಮ್ಮ ಮೇಷ್ಟ್ರು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಕರೆಂಟಿನ ಕೆಲಸದವನು ಯಾವಾಗಲೂ ತಮಾಷೆಯ ಮನುಷ್ಯ. ಅವತ್ತು ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. "ಹಿಂದಿನ ಮೆಟ್ಟಿಲ ಕ್ಯಾಮೆರಾ ಕೆಟ್ಟಿದೆ, ಅದರ ರೆಕಾರ್ಡಿಂಗ್ ಪೆಟ್ಟಿಗೆ ಬಿಚ್ಚಿ ತಂದುಕೊಡು, ತಂಡ ಬರೋದ್ರೊಳಗೆ ರಿಪೇರಿಗೆ ಕಳಿಸ್ಬೇಕು ಅಂತ ಅವತ್ತು ಮಧ್ಯಾಹ್ನ ಸಾಹೇಬ್ರು ಅಂದ್ರು. ಕೆಟ್ಟಿರಲಿಲ್ಲ. ಹಸಿರು ದೀಪ ಉರೀತಿತ್ತು. ನೋಡ್ಕೊಂಡೇ ಬಿಚ್ಚಿದೆ."

"ಕೇಳ್ಲಿಲ್ವಾ?"

"ನೀನು ಕೇಳಿದ್ಯಾ?"

ಆಮೇಲೆ ಯಾರೂ ಊಟ ಮಾಡಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ತುಂಡು ಕೊಟ್ಟಿದ್ದರು. ಒಂದು ಗೇಟು, ಒಂದು ಪೆಟ್ಟಿಗೆ, ಮೂರು ಪುಸ್ತಕ, ಮೂರು ಬಕೆಟ್ ನೀರು. ಒಂದೊಂದಕ್ಕೂ ಅದೇ ನೆಪ, ತಂಡ ಬರುತ್ತೆ. ಒಬ್ಬರ ತುಂಡು ಇನ್ನೊಬ್ಬರಿಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಎಂಬ ಧೈರ್ಯ ಅವರಿಗೆ. ನಾವು ಯಾಕೆ ಎಂದು ಕೇಳುವವರಲ್ಲ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಹುಡುಗನನ್ನು ಕೊಂದವರು ಮೂವರು. ಕೊಲೆಯನ್ನು ಹೂಳಲು ಹಾರೆ ಗುದ್ದಲಿ ಹಿಡಿದವರು ಅವನ ಡಬ್ಬಿಯಲ್ಲಿ ಕೈಯಿಟ್ಟು ಉಂಡ ನಾವು.

ಎರಡು ದಿನ ವಾದ ನಡೆಯಿತು. ಕಾವಲುಗಾರನಿಗೆ ಮೂರು ಮಕ್ಕಳು. ಕರೆಂಟಿನವನು ಗುತ್ತಿಗೆ ಕೆಲಸಗಾರ, ಬೆಳಿಗ್ಗೆ ಬೇಡ ಅಂದರೆ ಮಧ್ಯಾಹ್ನಕ್ಕೆ ಬೀದಿ. ಲ್ಯಾಬಮ್ಮ ಒಂದು ಸಲ ಬರುತ್ತೇನೆ ಅಂದಳು, ಇನ್ನೊಂದು ಸಲ ಗಂಡ ಬಯ್ಯುತ್ತಾನೆ ಅಂದಳು. ನಾನು ಯಾರನ್ನೂ ಒತ್ತಾಯ ಮಾಡಲಿಲ್ಲ, ಒತ್ತಾಯ ಮಾಡುವ ಮುಖ ನನಗಿರಲಿಲ್ಲ. ಮೆಟ್ಟಿಲಮ್ಮ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿ ಹೋದಳು.

"ನೀವ್ಯಾರೂ ಬರದಿದ್ರೂ ನಾನು ಹೋಗ್ತೀನಿ. ಆದ್ರೆ ನಾನೊಬ್ಳೇ ಹೋದ್ರೆ, ಕೊಂದವಳೇ ಬಂದ್ಲು ಅಂತಾರೆ."

ವಾರ್ಷಿಕ ಪರೀಕ್ಷೆ ಶುರುವಾಗುವ ಬೆಳಿಗ್ಗೆ ನಾವು ಐದೂ ಜನ ಠಾಣೆಯಲ್ಲಿದ್ದೆವು. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಠಾಣೆಯ ಮೆಟ್ಟಿಲ ತನಕ ನನಗೆ ಗೊತ್ತಿರಲಿಲ್ಲ. ಲ್ಯಾಬಮ್ಮ ಕೊನೆಗೆ ಬಂದಳು, ಗಂಡನನ್ನೂ ಕರೆದುಕೊಂಡು.

ಇನ್ಸ್‌ಪೆಕ್ಟರು ನಮ್ಮ ಸಮವಸ್ತ್ರ ನೋಡಿದರು. "ಕೆಲಸದ ಹೊತ್ತಲ್ಲಿ ಇಲ್ಲೇನು? ಕಾಲೇಜಿನವರು ವರದಿ ಕೊಟ್ಟಿದ್ದಾರೆ. ಫೈಲು ಮುಚ್ಚೋದೊಂದೇ ಬಾಕಿ."

"ಮುಚ್ಚೋಕೆ ಮೊದ್ಲು ಇಷ್ಟು ಬರ್ಕೊಳ್ಳಿ ಸಾರ್" ಅಂದೆ.

"ಒಬ್ಬರು ಹೇಳಿದ್ರೆ ಸಾಕು. ಉಳಿದವರು ಹೋಗಿ. ಈಗ್ಲೇ ಹೋದ್ರೆ ಕೆಲಸ ಉಳಿಯುತ್ತೆ, ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ."

"ಒಬ್ಬನಿಗೆ ಗೊತ್ತಿರೋದು ಒಂದೇ ತುಂಡು ಸಾರ್" ಎಂದ ಕರೆಂಟಿನವನು. "ಐದೂ ಬೇಕು."

ಅವರು ಫೋನು ಮಾಡಿದರು. ಯಾರಿಗೆ ಎಂದು ನಾವು ಕೇಳಲಿಲ್ಲ, ಊಹಿಸಿದೆವು. ಕಾಲು ಗಂಟೆಯಲ್ಲಿ ವೈಸ್ ಸಾಹೇಬರ ಕಾರು ಬಂತು. ಒಳಗೆ ಬಂದವರೇ, ಯಾರೂ ಇನ್ನೂ ಬಾಯಿ ಬಿಡುವ ಮೊದಲೇ, "ಕ್ಯಾಮೆರಾ ವಿಷಯ ಅಂದ್ರೆ ಅದು ಮೊದಲಿಂದ್ಲೂ ಕೆಟ್ಟಿತ್ತು" ಅಂದರು. ಕ್ಯಾಮೆರಾ ಎಂಬ ಮಾತನ್ನು ನಾವು ಠಾಣೆಯಲ್ಲಿ ಎತ್ತಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇನ್ಸ್‌ಪೆಕ್ಟರು ಅವರನ್ನು ಒಂದು ಕ್ಷಣ ನೋಡಿದರು, ಆಮೇಲೆ ಪೇದೆಗೆ ಕಾಗದ ತರಲು ಹೇಳಿದರು. ಒಳ್ಳೆಯತನಕ್ಕಲ್ಲ. ಅಷ್ಟು ಜನರ ಎದುರಿಗೆ ಬಾಯಿ ಜಾರಿದ ಮೇಲೆ ಅವರಿಗೂ ಬೇರೆ ದಾರಿ ಇರಲಿಲ್ಲ.

ಒಬ್ಬೊಬ್ಬರೇ ಹೇಳಿದೆವು. ಸಾಹೇಬರು ಕಿಟಕಿಯ ಹತ್ತಿರ ನಿಂತು ಎಲ್ಲರ ಮುಖವನ್ನೂ ನೋಡುತ್ತಿದ್ದರು. ಕಾವಲುಗಾರನಿಗೆ ಮಾತು ತೊದಲಿತು, ಆದರೂ ಮುಗಿಸಿದ. ನನ್ನ ಸರದಿ ಬಂತು.

"ಸಮಯ?"

"ಎರಡು ಗಂಟೆ ಐದು ನಿಮಿಷ."

"ಸಮಿತಿ ಮುಂದೆ ನೆನಪಿಲ್ಲ ಅಂದಿದ್ದೀಯ."

"ಸುಳ್ಳು ಹೇಳಿದ್ದೆ. ಅದನ್ನೂ ಬರ್ಕೊಳ್ಳಿ. ತೊಳೆಸು ಅಂತ ನನಗೆ ಹೇಳಿದವರು ಅಲ್ಲಿ ನಿಂತಿದ್ದಾರೆ. ತೊಳಿ ಅಂತ ಈ ತಾಯಿಗೆ ಹೇಳಿದವನು ನಾನು. ಎರಡೂ ಬರ್ಕೊಳ್ಳಿ."

"ಸಾಕ್ಷಿ ನಾಶಕ್ಕೆ ನಿನ್ನನ್ನೂ ಒಳಗೆ ಹಾಕಬೇಕಾಗುತ್ತೆ."

"ಹಾಕಿ."

ಮೆಟ್ಟಿಲಮ್ಮ ಬೆಂಚಿನ ತುದಿಯಲ್ಲಿ ಕೂತಿದ್ದಳು. ನಾನು ಹೇಳಿದ್ದನ್ನು ಪೇದೆ ಓದಿ ಹೇಳಿದಾಗ ಅವಳು ಎದ್ದು ಬಂದು, "ಆ ಹೊತ್ತು ಇನ್ನೊಂದ್ಸಲ ಓದಿ" ಎಂದಳು. ಪೇದೆ ಓದಿದ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಹಾಗಾದ್ರೆ ನಾನಲ್ಲ" ಎಂದಳು. ಯಾರಿಗೂ ಹೇಳಿದ್ದಲ್ಲ ಅದು.

ಇನ್ಸ್‌ಪೆಕ್ಟರು ಪುಸ್ತಕ ಮುಚ್ಚಿದರು. "ಆಯ್ತು, ನೋಡೋಣ. ಇವತ್ತು ಆ ಹುಡುಗರಿಗೆ ಪರೀಕ್ಷೆ ಇದೆ. ಮುಗೀಲಿ, ಆಮೇಲೆ ಕರೆಸಿ ಕೇಳ್ತೀನಿ. ಏನೇ ಆದ್ರೂ ಮಕ್ಕಳ ಭವಿಷ್ಯ ನೋಡಿ."

ವೈಸ್ ಸಾಹೇಬರು ಉಸಿರು ಬಿಟ್ಟದ್ದು ನಮಗೆಲ್ಲ ಕೇಳಿಸಿತು.

"ನನ್ನ ಮಗನಿಗೂ ಇವತ್ತೇ ಪರೀಕ್ಷೆ ಸಾರ್" ಎಂದಳು ಮೆಟ್ಟಿಲಮ್ಮ. ದನಿ ಏರಿಸಲಿಲ್ಲ. "ಆ ಲೈಬ್ರರಿ ಹುಡುಗನ ಪಕ್ಕದ ನಂಬರೇ ಇವನದ್ದು. ಹೋಗಿ ನೋಡಿ, ಬೆಂಚು ಖಾಲಿ ಇದೆ. ನನ್ನವನ ಭವಿಷ್ಯ ತೊಳೆಯೋಕೆ ಮೂರು ಬಕೆಟ್ ನೀರು ಸಾಕಾಯ್ತು, ನಾನೇ ತೊಳೆದೆ. ಅವರ ಪರೀಕ್ಷೆ ಮುಗೀಲಿ ಅಂತ ನಾನು ಕಾಯೋದಿಲ್ಲ. ನೀವು ಅವರನ್ನ ಕರ್ಕೊಂಡು ಬರೋವರೆಗೂ ನಾನು ಇಲ್ಲಿಂದ ಏಳಲ್ಲ."

ಅವಳು ಬೆಂಚು ಬಿಟ್ಟು, ಇನ್ಸ್‌ಪೆಕ್ಟರ ಮೇಜಿನ ಎದುರಿಗೆ ನೆಲದ ಮೇಲೆ ಕೂತಳು. ಮಂಡಿಯೂರಲಿಲ್ಲ, ಚಕ್ಕಳಮಕ್ಕಳ ಹಾಕಿ ಕೂತಳು. ಪಕ್ಕದಲ್ಲಿ ಲ್ಯಾಬಮ್ಮ ಕೂತಳು, ಅವಳ ಗಂಡ ಕೂತ. ಕಾವಲುಗಾರ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಕರೆಂಟಿನವನು ಕೂತ, ನಾನು ಕೂತೆ.

"ಏಳಿ, ಎಲ್ರೂ ಏಳಿ ಮೇಲೆ. ಹೇಳಿದ್ದು ಕೇಳಿಸ್ಲಿಲ್ವಾ?" ಎಂದರು ವೈಸ್ ಸಾಹೇಬರು.

"ಯಾಕೆ ಸಾರ್?" ಎಂದ ಕಾವಲುಗಾರ.

ನಾವು ಏಳಲಿಲ್ಲ.